ಸೊನ್ನೆ ಎಂದರೆ ಬೇಡವೆಂದಲ್ಲ

ನಮ್ಮ ಸಂಘದ ಪತ್ರಿಕೆಗೆ ಈ ಸಲ ನಾನು ಕವನ ಕೊಡುವುದಿಲ್ಲ ಎಂದಾಗ ಕಾರ್ಯದರ್ಶಿಗಳ ಮುಖದಲ್ಲಿ ಒಂದು ಥರದ ನೆಮ್ಮದಿ ಕಾಣಿಸಿತು. “ಕವನ ಆಗಲೇ ಹದಿನಾಲ್ಕು ಬಂದಿದೆ. ನೀನು ಏನಾದ್ರೂ ಉಪಯೋಗಕ್ಕೆ ಬರುವಂಥದ್ದು ಬರಿ ಮಾರಾಯ” ಅಂದರು. ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ವಿಚಾರದಲ್ಲೇ ಕಳೆದ ಮಳೆಗಾಲದಲ್ಲಿ ನಾನೊಂದು ಪೆಟ್ಟು ತಿಂದಿದ್ದೇನೆ. ಅದನ್ನೇ ಬರೆಯುತ್ತೇನೆ.

ವಿಷಯ ಕಂಪ್ಯೂಟರಿನದು. ಹಾಗಂತ ಕಲಾವಿಭಾಗದ ಗೆಳೆಯರು ಪುಟ ಮಗುಚಬಾರದಾಗಿ ವಿನಂತಿ. ನಾನೂ ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ.ನವನು. ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿ ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲೇ ಕಲಿತು ಮಾವನ ಜೊತೆ ಇಲ್ಲಿಗೆ ಬಂದವನು. ನಮ್ಮ ಶಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಹೂವಿನ ಚಿತ್ತಾರದ ಒಂದು ಬಟ್ಟೆ ಹೊದಿಸಿ ಇಟ್ಟಿದ್ದರು. ಮೂರು ವರ್ಷ ಆ ಬಟ್ಟೆಯನ್ನು ಮಾತ್ರ ನಾನು ಚೆನ್ನಾಗಿ ನೋಡಿದ್ದೇನೆ.

ಈಗ ನನಗೆ ಹಗಲು ಕಾಲೇಜು, ಸಂಜೆ ಮಹಾಪೆ. ಮಹಾಪೆ ಎಂದರೆ ಕಲ್ಯಾಣ, ಡೊಂಬಿವಲಿ ಕಡೆಯವರಿಗೆ ಶೀಳ್ ಫಾಟಾ ದಾಟಿ ಬಸ್ಸು ಉಸಿರು ಬಿಡುವ ಜಾಗ. ಒಂದು ಕಡೆ ಮಿಲೆನಿಯಂ ಬಿಸಿನೆಸ್ ಪಾರ್ಕಿನ ಆಫೀಸುಗಳು, ದೊಡ್ಡ ದೊಡ್ಡ ಡೇಟಾ ಸೆಂಟರುಗಳು. ಇನ್ನೊಂದು ಕಡೆ ಟಿ.ಟಿ.ಸಿ. ಕೈಗಾರಿಕಾ ಪ್ರದೇಶದ ಸಣ್ಣ ಸಣ್ಣ ವರ್ಕ್‌ಶಾಪುಗಳು. ಅಂಥದೊಂದು ವರ್ಕ್‌ಶಾಪಿನಲ್ಲಿ ನಾನು ಸಂಜೆ ಐದರಿಂದ ಒಂಬತ್ತರವರೆಗೆ ಬಿಲ್ಲು ಬರೆಯುವ ಹುಡುಗ. ಕಬ್ಬಿಣ ಕೊರೆಯುವ ಯಂತ್ರಗಳ ಸದ್ದಿನ ಮಧ್ಯೆ ಪ್ಲೈವುಡ್ಡಿನ ಒಂದು ಗೂಡು. ಅದರೊಳಗೆ ಒಂದು ಕುರ್ಚಿ, ಒಂದು ಹಳೆಯ ಕಂಪ್ಯೂಟರು. ಅದರ ಮೆಮೊರಿ 2 ಜಿ.ಬಿ. ಮಾತ್ರ. ವಿಂಡೋಸ್ ಎಳೆಯಲಾರದೆ ಹೋದ ಮೇಲೆ ಯಾರೋ ಪುಣ್ಯಾತ್ಮರು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು.

ಪ್ರತಿ ತಿಂಗಳು ಹನ್ನೊಂದನೇ ತಾರೀಕಿನೊಳಗೆ ಹಿಂದಿನ ತಿಂಗಳ ಮಾರಾಟದ ವಿವರವನ್ನು ಜಿ.ಎಸ್.ಟಿ.ಆರ್.-1 ಎಂಬ ಪತ್ರದಲ್ಲಿ ತುಂಬಿ ಕಳಿಸಬೇಕು. ತಡವಾದರೆ ನಮ್ಮ ಗಿರಾಕಿಗೆ ಆ ತೆರಿಗೆಯ ಜಮೆ ಆ ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಅವನು ಬಿಲ್ಲಿನ ಹಣ ತಡೆದು ಕೂರುತ್ತಾನೆ. ನಮ್ಮಂಥ ಸಣ್ಣ ವರ್ಕ್‌ಶಾಪಿನಲ್ಲಿ ಒಬ್ಬ ಗಿರಾಕಿ ಹಣ ತಡೆದರೆ ಆ ವಾರದ ಪಗಾರಕ್ಕೇ ಕುತ್ತು. ಕಂಪ್ಯೂಟರು ನಿಧಾನವಾಗುತ್ತಾ ಬಂದಾಗ ಮಾಲೀಕರು ಹೇಳಿದ್ದು ಇಷ್ಟೇ: “ಹೊಸದು ತಗೊಳ್ಳಬಹುದು. ಆದರೆ ಈ ತಿಂಗಳು ಇಬ್ಬರಿಗೆ ಪಗಾರ ತಡ ಆಗುತ್ತೆ.” ಆ ಇಬ್ಬರಲ್ಲಿ ಒಬ್ಬ ಯಾರು ಎಂದು ನಾನು ಕೇಳಲಿಲ್ಲ. ಇದ್ದ ಯಂತ್ರವನ್ನೇ ಹೇಗಾದರೂ ಓಡಿಸಬೇಕು ಎಂದು ನಿಶ್ಚಯ ಮಾಡಿದೆ.

ಇಲ್ಲಿ ಸ್ವಲ್ಪ ನಿಂತು ಮೂರು ಮಾತುಗಳ ಅರ್ಥ ಹೇಳಬೇಕು: ಮೆಮೊರಿ, ಕರ್ನಲ್, ಡ್ರೈವರ್.

ಫೋನಿನಲ್ಲಿ 128 ಜಿ.ಬಿ. ಇದೆ ಎನ್ನುತ್ತೇವಲ್ಲ, ಅದು ಉಗ್ರಾಣ. ಮೆಮೊರಿ ಎಂದು ನಾನು ಇಲ್ಲಿ ಹೇಳುವುದು ಕೆಲಸ ನಡೆಯುವ ಜಾಗ. ಕರೆಂಟು ಹೋದರೆ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕರ್ನಲ್ ಎಂದರೆ ತಿರುಳು. ಯಂತ್ರ ಶುರುವಾಗುವಾಗ ಮೆಮೊರಿಗೆ ಬಂದು ಕೂತು, ಬಂದ್ ಮಾಡುವವರೆಗೂ ಏಳದ ಪ್ರೋಗ್ರಾಮು ಅದು. ಉಳಿದ ಪ್ರೋಗ್ರಾಮುಗಳಿಗೆಲ್ಲ ಜಾಗ ಹಂಚುವುದು, ಸರದಿ ಕೊಡುವುದು ಅದರ ಕೆಲಸ.

ನಮ್ಮಲ್ಲಿ ಅರ್ಧ ಜನರ ಅಪ್ಪನೋ ಮಾವನೋ ಹೋಟೆಲಿನಲ್ಲಿ ದುಡಿದವರೇ. ಆದ್ದರಿಂದ ಹೋಟೆಲಿನ ಮೂಲಕವೇ ಹೇಳುತ್ತೇನೆ. ಇಡೀ ಹೋಟೆಲಿನ ಜಾಗವೇ ಮೆಮೊರಿ. ಅಡುಗೆಮನೆ ಕರ್ನಲ್. ಹೊರಗೆ ಮೇಜಿನಲ್ಲಿ ಕೂತ ಗಿರಾಕಿಗಳು ನಾವು ಬಳಸುವ ಪ್ರೋಗ್ರಾಮುಗಳು. ಗಿರಾಕಿ ಎಷ್ಟೇ ದೊಡ್ಡವನಾದರೂ ಒಳಗೆ ನುಗ್ಗಿ ತಾನೇ ವಡೆ ಕರಿಯುವ ಹಾಗಿಲ್ಲ, ಹೇಳಿ ತರಿಸಿಕೊಳ್ಳಬೇಕು. ಒಳಗೆ ಒಂದೊಂದು ಒಲೆಗೆ ಒಬ್ಬೊಬ್ಬ ಕೆಲಸಗಾರ: ದೋಸೆಯವನು, ಚಹಾದವನು, ಜ್ಯೂಸಿನವನು. ಇವರೇ ಡ್ರೈವರುಗಳು. ಕೀಬೋರ್ಡಿಗೆ ಒಬ್ಬ, ಪ್ರಿಂಟರಿಗೆ ಒಬ್ಬ, ನೆಟ್‌ವರ್ಕಿಗೆ ಒಬ್ಬ. ಲಿನಕ್ಸಿನಲ್ಲಿ ಇವರಲ್ಲಿ ಹೆಚ್ಚಿನವರು ಕಾಯಂ ನೌಕರರಲ್ಲ. ಯಾವ ಉಪಕರಣ ಕಣ್ಣಿಗೆ ಬಿತ್ತೋ ಅದಕ್ಕೆ ತಕ್ಕವನನ್ನು ಡಿಸ್ಕಿನಿಂದ ಕರೆಸಿ ಅಡುಗೆಮನೆಯಲ್ಲಿ ನಿಲ್ಲಿಸುತ್ತಾರೆ. ಹೀಗೆ ಕರೆಸಬಹುದಾದ, ಕಳಿಸಬಹುದಾದ ತುಂಡಿಗೆ ಮಾಡ್ಯೂಲ್ ಎಂದು ಹೆಸರು.

ಗಿರಾಕಿಗಳ ನೂಕು ಹೆಚ್ಚಾಗಿ ಜಾಗ ಸಾಲದೆ ಬಂದರೆ ಕೆಲವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸುತ್ತಾರೆ. ಕಂಪ್ಯೂಟರಿನಲ್ಲಿ ಆ ಬೆಂಚು ಎಂದರೆ ಡಿಸ್ಕಿನಲ್ಲಿರುವ ಸ್ವಾಪ್ ಎಂಬ ಜಾಗ. ತಿರುಗುವ ಡಿಸ್ಕಿನಲ್ಲಿ ಒಂದು ತುಣುಕನ್ನು ಹುಡುಕಿ ತರುವುದು ಮೆಮೊರಿಯಿಂದ ತರುವುದಕ್ಕಿಂತ ಸುಮಾರು ಲಕ್ಷ ಪಟ್ಟು ನಿಧಾನ. ಯಂತ್ರ ಒದ್ದಾಡುವುದು ಆಗಲೇ. ಆದರೆ ಅಡುಗೆಯವರನ್ನು ಬೆಂಚಿಗೆ ಕಳಿಸುವಂತಿಲ್ಲ. ಡ್ರೈವರು ಮೆಮೊರಿಗೆ ಬಂದರೆ ಒಳಗೇ ಇರಬೇಕು, ಇಲ್ಲವೇ ಪೂರ್ತಿ ಹೊರಗೆ ಹೋಗಬೇಕು.

ಇಷ್ಟು ಓದಿಕೊಂಡ ಮೇಲೆ ನನ್ನ ಕಾಮರ್ಸ್ ಬುದ್ಧಿ ಎಚ್ಚರವಾಯಿತು. ಸುಮ್ಮನೆ ನಿಂತ ಕೆಲಸಗಾರರನ್ನು ಮನೆಗೆ ಕಳಿಸಿದರೆ ಜಾಗ ಉಳಿಯಿತಲ್ಲ! ಖರ್ಚು ಕಡಿಮೆ ಮಾಡುವುದೆಂದರೆ ಇನ್ನೇನು?

ಜುಲೈ ಒಂಬತ್ತರ ಸಂಜೆ. ಹೊರಗೆ ಮಳೆ. ಸ್ಪ್ರೆಡ್‌ಶೀಟಿನಲ್ಲಿ ನಲವತ್ತಮೂರು ಬಿಲ್ಲು ಏರಿಸಿದ್ದೆ. ಪಕ್ಕದಲ್ಲಿ ಬ್ರೌಸರ್ ತೆರೆದಿತ್ತು. ಅದರಲ್ಲಿ ಜಿ.ಎಸ್.ಟಿ. ಪುಟ, ಅಂಚೆಪುಟ, ಮತ್ತೆ ಸತ್ಯ ಹೇಳಬೇಕೆಂದರೆ ಒಂದು ಕ್ರಿಕೆಟ್ ಸ್ಕೋರು. ಅಕ್ಷರ ಒತ್ತಿದರೆ ನಾಲ್ಕು ಸೆಕೆಂಡಿನ ಮೇಲೆ ಮೂಡುತ್ತಿತ್ತು. ‘ಫ್ರೀ’ ಎಂಬ ಆಜ್ಞೆ ಕೊಟ್ಟು ನೋಡಿದೆ. ಖಾಲಿ ಮೆಮೊರಿ ನೂರು ಎಂ.ಬಿ.ಯೂ ಇಲ್ಲ. ಗಾಬರಿಯಾಯಿತು. ‘ಎಲ್‌ಎಸ್‌ಮಾಡ್’ ಎಂಬ ಇನ್ನೊಂದು ಆಜ್ಞೆ ಕೊಟ್ಟರೆ ಒಳಗಿರುವ ಮಾಡ್ಯೂಲುಗಳ ಹಾಜರಿ ಪಟ್ಟಿ ಬರುತ್ತದೆ. ಮೂರು ಕಂಬ: ಹೆಸರು, ಗಾತ್ರ, ಎಷ್ಟು ಮಂದಿ ಬಳಸುತ್ತಿದ್ದಾರೆ ಎಂಬ ಅಂಕಿ. ನಾನು ಪೆನ್ಸಿಲ್ ಹಿಡಿದು ಮೂರನೇ ಕಂಬದಲ್ಲಿ ಸೊನ್ನೆ ಇದ್ದವರನ್ನೆಲ್ಲ ಗುರುತು ಹಾಕಿಕೊಂಡೆ. ಸಾಲ ವಸೂಲಿಗೆ ಹೊರಟವನ ಹಾಗೆ.

‘ಆರ್‌ಎಂಮಾಡ್’ ಎಂಬುದು ಮನೆಗೆ ಕಳಿಸುವ ಆಜ್ಞೆ. ಮೊದಲು ಫ್ಲಾಪಿಯ ಡ್ರೈವರ್ ಹೋಯಿತು. ಆ ಯಂತ್ರಕ್ಕೆ ಫ್ಲಾಪಿ ತಟ್ಟೆಯ ಬಾಯಿಯೇ ಇಲ್ಲ. ಆಮೇಲೆ ಆಟದ ಜಾಯ್‌ಸ್ಟಿಕ್ಕಿನದು. ಬೀಪ್ ಎನ್ನುವ ಸಣ್ಣ ಸ್ಪೀಕರಿನದು. ಹಳೆಯ ಕಾಲದ ಪ್ರಿಂಟರ್ ತೂತಿಗೆ ಸಂಬಂಧಪಟ್ಟ ಎರಡು. ಐದಕ್ಕೆ ಐದೂ ಸದ್ದಿಲ್ಲದೆ ಹೋದವು. ಇನ್ನೊಂದನ್ನು ಕೀಳಲು ಹೋದಾಗ ಮಾತ್ರ ‘ಇದು ಬಳಕೆಯಲ್ಲಿದೆ’ ಎಂದು ಯಂತ್ರ ತಡೆಯಿತು. ಅಂದರೆ ಬೇಕಾದದ್ದನ್ನು ಅದೇ ತಡೆಯುತ್ತದೆ, ತಡೆಯದೆ ಇದ್ದದ್ದು ಬೇಡದ್ದು ಎಂದು ನನಗೆ ಧೈರ್ಯ ಬಂತು. ಆರನೆಯ ಹೆಸರು ಯು.ಎಸ್.ಬಿ. ಎಚ್.ಐ.ಡಿ. ಗಾತ್ರ 65,536 ಬೈಟು. ಬಳಸುವವರು ಸೊನ್ನೆ. ಹೆಸರಿನ ಅರ್ಥ ಗೊತ್ತಿರಲಿಲ್ಲ. ಎಂಟರ್ ಒತ್ತಿದೆ.

ಅದೇ ಆ ಕೀಬೋರ್ಡು ಕೇಳಿದ ಕೊನೆಯ ಮಾತು. ಎಚ್.ಐ.ಡಿ. ಎಂದರೆ ಮನುಷ್ಯ ಮುಟ್ಟಿ ನಡೆಸುವ ಉಪಕರಣ: ಕೀಬೋರ್ಡು, ಮೌಸು. ಎರಡೂ ಒಟ್ಟಿಗೆ ಸತ್ತವು. ಪರದೆಯ ಮೇಲೆ ನಲವತ್ತಮೂರು ಬಿಲ್ಲು ಕಣ್ಣಿಗೆ ಕಾಣುತ್ತಿವೆ, ಉಳಿಸಲು ಬೆರಳಿಗೆ ದಾರಿಯಿಲ್ಲ. ಹತ್ತು ನಿಮಿಷ ಎಲ್ಲ ಗುಂಡಿಗಳನ್ನೂ ಒತ್ತಿದೆ. ಕಡೆಗೆ ಗೋಡೆಯ ಪ್ಲಗ್ಗು ಕಿತ್ತೆ. ಯಂತ್ರ ಮತ್ತೆ ಶುರುವಾದಾಗ ನಾನು ಕಳಿಸಿದ ಆರೂ ಮಂದಿ ಏನೂ ಆಗದವರಂತೆ ವಾಪಸು ಬಂದು ನಿಂತಿದ್ದರು. ಬಿಲ್ಲುಗಳು ಮಾತ್ರ ಬರಲಿಲ್ಲ.

ಆ ರಾತ್ರಿ ಚಹಾ ಅಂಗಡಿಯಲ್ಲಿ ಡೇಟಾ ಸೆಂಟರಿನ ರಾತ್ರಿ ಪಾಳಿಯ ಒಬ್ಬರು ಸಿಕ್ಕರು. ವಿಜಯಪುರದ ಕಡೆಯವರು, ಕನ್ನಡ ಕೇಳಿದರೆ ಬೆಂಚಿನಲ್ಲಿ ಜಾಗ ಮಾಡಿಕೊಡುವವರು. ನನ್ನ ಕಥೆ ಕೇಳಿ ನಕ್ಕು, “ಅಲ್ಲೋ ತಮ್ಮಾ, ಕೀಬೋರ್ಡಿನ ವೈರ್ ಕಿತ್ತು ಮತ್ತ ಚುಚ್ಚಿದ್ರ ಸಾಕಿತ್ತಲ್ಲೋ. ಇಡೀ ಮಶಿನ್ ಯಾಕ ಕೊಂದಿ?” ಅಂದರು. ವೈರ್ ಚುಚ್ಚಿದ ಕೂಡಲೆ ಹೊಸ ಉಪಕರಣ ಬಂತು ಎಂದು ಕರ್ನಲ್ಲಿಗೆ ಸುದ್ದಿ ಹೋಗುತ್ತದೆ, ಅದಕ್ಕೆ ತಕ್ಕ ಡ್ರೈವರ್ ತಾನಾಗಿ ಬರುತ್ತದೆ. ಅಷ್ಟು ಸುಲಭವಿತ್ತು. ನನಗೆ ಚಹಾ ಇಳಿಯಲಿಲ್ಲ.

ಆದರೆ ನನಗೆ ತಿಳಿಯಬೇಕಾಗಿದ್ದದ್ದು ಬೇರೆ. ನಾನು ಆ ಹೊತ್ತಿನಲ್ಲೇ ಕುಟ್ಟುತ್ತಿದ್ದ ಕೀಬೋರ್ಡಿನ ಎದುರಿಗೆ ಸೊನ್ನೆ ಹೇಗೆ ಬಂತು? ಲೆಕ್ಕ ಸುಳ್ಳೆ?

ಲೆಕ್ಕ ಸುಳ್ಳಲ್ಲ. ನಾನು ಶೀರ್ಷಿಕೆಯನ್ನು ತಪ್ಪು ಓದಿದ್ದೆ. ಆ ಅಂಕಿ ಎಷ್ಟು ಜನಕ್ಕೆ ಈ ಡ್ರೈವರಿನಿಂದ ಪ್ರಯೋಜನ ಎಂದು ಎಣಿಸುವುದಿಲ್ಲ. ಎಷ್ಟು ಮಂದಿ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಾರೆ ಎಂದು ಮಾತ್ರ ಎಣಿಸುತ್ತದೆ. ಒಂದು ಮಾಡ್ಯೂಲ್ ಇನ್ನೊಂದನ್ನು ಆಧರಿಸಿದ್ದರೆ ಅದು ಒಂದು ಹಿಡಿತ. ಡಿಸ್ಕಿನ ಒಂದು ಭಾಗವನ್ನು ಬಳಕೆಗೆ ಜೋಡಿಸಿದ್ದರೆ ಅದೊಂದು ಹಿಡಿತ. ಈ ಹಿಡಿತ ಇರುವವರೆಗೆ ಕರ್ನಲ್ ಬಿಟ್ಟುಕೊಡುವುದಿಲ್ಲ. ಆದರೆ ಯು.ಎಸ್.ಬಿ. ಕೀಬೋರ್ಡನ್ನು ಯಾರು ಯಾವಾಗ ಬೇಕಾದರೂ ಎಳೆದು ಹಾಕಬಹುದು. ಆದ್ದರಿಂದ ಅದು ಹೋದರೂ ತಾಳಿಕೊಳ್ಳುವ ಹಾಗೆಯೇ ಎಲ್ಲವನ್ನೂ ಕಟ್ಟಿದ್ದಾರೆ. ಯಾರೂ ಅದನ್ನು ಬಿಗಿಯಾಗಿ ಹಿಡಿದಿರುವುದಿಲ್ಲ. ನೆಟ್‌ವರ್ಕ್ ಕಾರ್ಡಿನ ಡ್ರೈವರುಗಳೂ ಸಾಮಾನ್ಯವಾಗಿ ಹಾಗೆಯೇ. ಇಡೀ ಆಫೀಸಿನ ಸಂಚಾರ ಅದರ ಮೇಲೆಯೇ ನಡೆಯುತ್ತಿದ್ದರೂ ಅದರ ಎದುರಿಗೆ ಸೊನ್ನೆ ಇರಬಹುದು, ಕಿತ್ತರೆ ಒಂದು ಮಾತೂ ಆಡದೆ ಹೋಗಬಹುದು. ಅಂದರೆ ಸೊನ್ನೆ ಎಂದರೆ ‘ತಕರಾರಿಲ್ಲ’ ಎಂದು ಅರ್ಥ. ‘ಬೇಡ’ ಎಂದಲ್ಲ.

ಇನ್ನು ನಾನು ಉಳಿಸಲು ಹೊರಟ ಜಾಗ ಎಷ್ಟು? ಮಾರನೆಯ ದಿನ ಲೆಕ್ಕ ಹಾಕಿದೆ. ಪಟ್ಟಿಯಲ್ಲಿದ್ದ ಗಾತ್ರಗಳೆಲ್ಲ 4,096ರಿಂದ ನಿಶ್ಶೇಷವಾಗಿ ಭಾಗವಾಗುತ್ತಿದ್ದವು. ಕರ್ನಲ್ ಮೆಮೊರಿಯನ್ನು ಬಿಡಿ ಬೈಟುಗಳಲ್ಲಿ ಅಳೆದು ಕೊಡದೆ 4,096 ಬೈಟಿನ ಪುಟಗಳಲ್ಲಿ ಕೊಡುವುದೇ ಅದಕ್ಕೆ ಕಾರಣ. ಮೊದಲು ಕಳಿಸಿದ ಐದು ಡ್ರೈವರುಗಳು ಸೇರಿ 53 ಪುಟ, 2,17,088 ಬೈಟು. ಕೀಬೋರ್ಡಿನವನು 16 ಪುಟ. ಎಲ್ಲ ಕೂಡಿ 276 ಕೆ.ಬಿ. 2 ಜಿ.ಬಿ.ಯಲ್ಲಿ ಇದು ಸುಮಾರು ಏಳು ಸಾವಿರದ ಆರುನೂರರಲ್ಲಿ ಒಂದು ಪಾಲು. ಹತ್ತು ಸಾವಿರ ರೂಪಾಯಿ ಸಂಬಳದವನು ಒಂದು ರೂಪಾಯಿ ಮೂವತ್ತು ಪೈಸೆ ಉಳಿಸಿದ ಹಾಗೆ. ಇಡೀ ಪಟ್ಟಿಯನ್ನು ಕೂಡಿದರೂ ಏಳು ಎಂ.ಬಿ. ಚಿಲ್ಲರೆ. ಎಲ್ಲರನ್ನೂ ಹೊಡೆದೋಡಿಸಿದ್ದರೂ, ಯಂತ್ರವೇ ನಡೆಯದೆ ಹೋಗುತ್ತಿತ್ತು ಎಂಬ ಮಾತು ಹಾಗಿರಲಿ, ಉಳಿಯುತ್ತಿದ್ದದ್ದು ನೂರಕ್ಕೆ ಅರ್ಧವೂ ಅಲ್ಲ.

ಹಾಗಾದರೆ ಡ್ರೈವರ್ ಕಳಿಸಿ ಮೆಮೊರಿ ಉಳಿಸಿ ಎಂಬ ಸಲಹೆ ಎಲ್ಲಿಂದ ಹುಟ್ಟಿತು? ಒಂದು ಕಾಲದಲ್ಲಿ ಅದು ಸರಿಯಾದ ಸಲಹೆಯೇ ಆಗಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನುಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಬರೆದಾಗ ಅವನಿಗೆ ಇಪ್ಪತ್ತೊಂದು ವರ್ಷ. ಅವನ ಯಂತ್ರದ ಮೆಮೊರಿ 4 ಎಂ.ಬಿ. ಅಂಥ ಯಂತ್ರದಲ್ಲಿ ನನ್ನ 276 ಕೆ.ಬಿ. ಹದಿನೈದರಲ್ಲಿ ಒಂದು ಪಾಲು. ಅದು ಚಿಲ್ಲರೆಯಲ್ಲ, ಬಾಡಿಗೆಯಷ್ಟು ದುಡ್ಡು. ಆದ್ದರಿಂದ 1996ರ 2.0 ಆವೃತ್ತಿಯ ಜೊತೆ ಕರ್ನಲ್‌ಡಿ ಎಂಬ ಒಬ್ಬ ಮೇಸ್ತ್ರಿ ಇದ್ದ. ಬೇಕಾದಾಗ ಡ್ರೈವರನ್ನು ಕರೆಸುತ್ತಿದ್ದ, ಸುಮಾರು ಒಂದು ನಿಮಿಷ ಸುಮ್ಮನೆ ಕೂತರೆ ತಾನೇ ಮನೆಗೆ ಕಳಿಸುತ್ತಿದ್ದ. 1999ರ 2.2 ಆವೃತ್ತಿಯಲ್ಲಿ ಆ ಮೇಸ್ತ್ರಿ ಹೋಗಿ ಕೆಮಾಡ್ ಬಂದ. ಅವನು ಕರೆಸುವವನು ಮಾತ್ರ, ಕಳಿಸುವವನಲ್ಲ. ಕಳಿಸಬೇಕಾದರೆ ಕೆಲವು ನಿಮಿಷಕ್ಕೊಮ್ಮೆ ಒಂದು ಆಜ್ಞೆ ತಾನಾಗಿ ಓಡುವಂತೆ ಬಳಸುವವರೇ ಏರ್ಪಾಡು ಮಾಡಿಕೊಳ್ಳಬೇಕಿತ್ತು. ಅದರಲ್ಲೂ ಒಂದು ನ್ಯಾಯವಿತ್ತು: ಮೊದಲ ಸುತ್ತಿನಲ್ಲಿ ಸುಮ್ಮನಿದ್ದವನಿಗೆ ಗುರುತು ಹಾಕುವುದು, ಎರಡನೇ ಸುತ್ತಿಗೂ ಯಾರೂ ಅವನನ್ನು ಕರೆಯದಿದ್ದರೆ ಮಾತ್ರ ಕಳಿಸುವುದು. ನಾನು ಅಷ್ಟು ತಾಳ್ಮೆಯನ್ನೂ ತೋರಿಸಲಿಲ್ಲ.

ಆಮೇಲೆ ಮೆಮೊರಿ ಅಗ್ಗವಾಯಿತು, ಕಳಿಸುವುದರ ಅಪಾಯ ಮಾತ್ರ ಹಾಗೆಯೇ ಉಳಿಯಿತು. ಅಪಾಯ ಇದು: ಸಪ್ಲೈಯರ್ ‘ಒಂದು ಮಸಾಲೆ’ ಎಂದು ಕೂಗುವುದಕ್ಕೂ, ದೋಸೆಯವನು ಹಿಂಬಾಗಿಲಿನಿಂದ ಹೊರಬೀಳುವುದಕ್ಕೂ ಸರಿಹೋದರೆ? ಹೋಟೆಲಿನಲ್ಲಾದರೆ ಜಗಳ ಆಗುತ್ತದೆ ಅಷ್ಟೆ. ಕರ್ನಲ್ಲಿನಲ್ಲಿ, ಡ್ರೈವರ್ ಇದ್ದ ಜಾಗಕ್ಕೆ ಕೈಹಾಕಿದಾಗ ಅಲ್ಲಿ ಡ್ರೈವರ್ ಇಲ್ಲದಿದ್ದರೆ ಇಡೀ ಯಂತ್ರ ಬೀಳಬಹುದು. ಈ ಕ್ಷಣದ ತಪ್ಪನ್ನು ಪೂರ್ತಿಯಾಗಿ ತಡೆಯುವುದು ಬಹಳ ಕಷ್ಟದ ಕೆಲಸ. 2002ರಲ್ಲಿ ರಸ್ಟಿ ರಸಲ್ ಎಂಬವರು ಮಾಡ್ಯೂಲುಗಳ ವ್ಯವಸ್ಥೆಯನ್ನು ಹೊಸದಾಗಿ ಬರೆದರು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯಲ್ಲಿ, ಡ್ರೈವರನ್ನು ಕಳಿಸುವ ಸೌಕರ್ಯವೇ ಇರಬೇಕೋ ಬೇಡವೋ ಎಂಬುದು ಕರ್ನಲ್ ಕಟ್ಟುವವರ ಆಯ್ಕೆಗೆ ಬಿಟ್ಟ ವಿಷಯವಾಯಿತು. ನಾನು ಓದಿದ ಸಲಹೆ 4 ಎಂ.ಬಿ. ಕಾಲದ್ದು. ನಾನು ಅದನ್ನು ತಂದು 2 ಜಿ.ಬಿ. ಯಂತ್ರದ ಮೇಲೆ ಪ್ರಯೋಗಿಸಿದ್ದೆ.

ಅಂದ ಮೇಲೆ ನಮ್ಮ ಯಂತ್ರದ ಜಾಗವೆಲ್ಲ ಹೋದದ್ದೆಲ್ಲಿ? ಇದಕ್ಕೆ ‘ಫ್ರೀ’ ಆಜ್ಞೆಯ ಪಟ್ಟಿಯನ್ನೇ ಸರಿಯಾಗಿ ಓದಬೇಕು. ನಾನು ನೋಡಿ ಗಾಬರಿಯಾದದ್ದು ‘ಖಾಲಿ’ ಎಂಬ ಕಂಬ. ಅದು ಪೆಟ್ಟಿಗೆಯಲ್ಲಿರುವ ನಗದು ಮಾತ್ರ. ಲಿನಕ್ಸು ನಗದನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಮಿಕ್ಕ ಮೆಮೊರಿಯಲ್ಲಿ ಈಚೆಗೆ ಓದಿದ ಫೈಲುಗಳ ಪ್ರತಿ ಇಟ್ಟುಕೊಂಡಿರುತ್ತದೆ, ಮತ್ತೆ ಕೇಳಿದರೆ ಬೇಗ ಕೊಡೋಣ ಎಂದು. ಯಾರಾದರೂ ಜಾಗ ಕೇಳಿದರೆ ಅದರಲ್ಲಿ ಹೆಚ್ಚಿನದನ್ನು ಕೂಡಲೆ ಬಿಟ್ಟುಕೊಡುತ್ತದೆ. ಬ್ಯಾಂಕಿನ ಚಾಲ್ತಿ ಖಾತೆಯಲ್ಲಿಟ್ಟ ಹಣದ ಹಾಗೆ. ಪೆಟ್ಟಿಗೆಯಲ್ಲಿ ನೂರೇ ರೂಪಾಯಿ ಇದೆ ಎಂದು ಯಾರೂ ವ್ಯಾಪಾರ ಮುಚ್ಚುವುದಿಲ್ಲವಷ್ಟೆ? ಆದ್ದರಿಂದ ನೋಡಬೇಕಾದ್ದು ‘ಲಭ್ಯ’ ಎಂಬ ಕಂಬ. ಈ ಅಂದಾಜನ್ನು ಕರ್ನಲ್ ತಾನೇ ಮಾಡಿ ಹೇಳಲು ಶುರುಮಾಡಿದ್ದು 2014ರ 3.14 ಆವೃತ್ತಿಯಿಂದ. ಜೊತೆಗೆ ಸ್ವಾಪ್ ಎಷ್ಟು ತುಂಬಿದೆ ಎಂದೂ ನೋಡಬೇಕು.

ನಮ್ಮ ಯಂತ್ರದಲ್ಲಿ ‘ಲಭ್ಯ’ವೂ ಕಡಿಮೆಯೇ ಇತ್ತು, ಸ್ವಾಪ್ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅಂದರೆ ಕಷ್ಟ ನಿಜವಾದದ್ದೇ. ಕಾರಣ ಮಾತ್ರ ಅಡುಗೆಮನೆಯಲ್ಲಿರಲಿಲ್ಲ. ಪ್ರೋಗ್ರಾಮುಗಳನ್ನು ಗಾತ್ರದ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದರೆ ಬ್ರೌಸರೊಂದೇ ಒಂದು ಜಿ.ಬಿ.ಗಿಂತ ಹೆಚ್ಚು ನುಂಗಿ ಕೂತಿತ್ತು. ಹೊರಗೆ ಒಬ್ಬ ಗಿರಾಕಿ ಎಂಟು ಮೇಜು ಹಿಡಿದು ಮಲಗಿದ್ದಾನೆ, ನಾನು ಒಳಗೆ ಹೋಗಿ ಜ್ಯೂಸಿನವನ ಸ್ಟೂಲು ಕಿತ್ತುಕೊಳ್ಳುತ್ತಿದ್ದೆ! ಖಾತೆ ಪುಸ್ತಕದ ಮೊದಲ ಪಾಠ ನಮಗೆ ಹೇಳಿಕೊಡುವುದೇ ಇದನ್ನು, ದೊಡ್ಡ ಬಾಬತ್ತನ್ನು ಮೊದಲು ನೋಡಿ ಎಂದು. ಕ್ಲಾಸಿನಲ್ಲಿ ಬರೆದುಕೊಂಡ ಪಾಠ ಮಹಾಪೆಯ ಗೂಡಿನಲ್ಲಿ ನೆನಪಾಗಲಿಲ್ಲ.

ಡ್ರೈವರುಗಳನ್ನು ಕಳಿಸುವುದು ಎಂದೂ ತಪ್ಪು ಎಂದು ನಾನು ಹೇಳುತ್ತಿಲ್ಲ. ವೈಫೈ ಹಠ ಹಿಡಿದು ಕೂತಾಗ ಅದರ ಡ್ರೈವರನ್ನು ಕಳಿಸಿ ಮತ್ತೆ ಕರೆಸಿದರೆ ಕೆಲವು ಸಲ ಸರಿಹೋಗುತ್ತದೆ. ಡ್ರೈವರ್ ಬರೆಯುವವರಿಗಂತೂ ತಿದ್ದಿ ಪರೀಕ್ಷಿಸಲು ಅದೇ ದಾರಿ. ಕಾವಲಿನ ಕಾರಣವೂ ಉಂಟು. ಸರ್ವರುಗಳನ್ನು ನೋಡಿಕೊಳ್ಳುವವರು ಪೆನ್ ಡ್ರೈವಿನ ಡ್ರೈವರ್ ಬರಲೇಬಾರದು ಎಂದು ಪಟ್ಟಿಯಲ್ಲಿ ತಡೆ ಬರೆದಿಡುವುದುಂಟು. ಬಾಗಿಲು ಕಡಿಮೆಯಾದಷ್ಟು ಕಳ್ಳನಿಗೆ ದಾರಿ ಕಡಿಮೆ. ಇವೆಲ್ಲ ಒಳ್ಳೆಯ ಕಾರಣಗಳು. ಮೆಮೊರಿ ಉಳಿತಾಯ ಮಾತ್ರ ನಮ್ಮ ನಿಮ್ಮ ಯಂತ್ರಗಳಲ್ಲಿ ಒಳ್ಳೆಯ ಕಾರಣವಾಗಿ ಉಳಿದಿಲ್ಲ.

ಆ ನಲವತ್ತಮೂರು ಬಿಲ್ಲುಗಳ ಗತಿ ಏನಾಯಿತು ಎಂದು ಕೇಳುತ್ತೀರಿ. ಚಹಾ ಅಂಗಡಿಯಿಂದ ವಾಪಸು ಗೂಡಿಗೆ ಹೋದೆ. ಬಿಲ್ಲು ಪುಸ್ತಕದ ಕಾರ್ಬನ್ ಪ್ರತಿಗಳು ಇದ್ದವು. ಬ್ರೌಸರ್ ಪೂರ್ತಿ ಮುಚ್ಚಿ ಸ್ಪ್ರೆಡ್‌ಶೀಟ್ ಒಂದನ್ನೇ ತೆರೆದು ಕೂತೆ. ಅಕ್ಷರ ಒತ್ತಿದ ಕೂಡಲೆ ಮೂಡುತ್ತಿತ್ತು! ಹತ್ತು ಬಿಲ್ಲಿಗೊಮ್ಮೆ ಉಳಿಸುತ್ತಾ ಹೋದೆ. ಘನ್ಸೋಲಿ ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ನಾನು ಮತ್ತು ಒಂದು ನಾಯಿ. ಹತ್ತನೇ ತಾರೀಕು ಸಂಜೆ ಜಿ.ಎಸ್.ಟಿ.ಆರ್.-1 ಹೋಯಿತು, ಹನ್ನೊಂದಕ್ಕೆ ಇನ್ನೂ ಒಂದು ದಿನ ಇರುವಾಗಲೇ. ಆ ತಿಂಗಳು ಯಾರ ಪಗಾರವೂ ತಡವಾಗಲಿಲ್ಲ. ಮುಂದಿನ ತಿಂಗಳು ಲ್ಯಾಮಿಂಗ್ಟನ್ ರೋಡಿನಿಂದ ಬಳಸಿದ ಒಂದು 4 ಜಿ.ಬಿ. ಮೆಮೊರಿ ಪಟ್ಟಿ ತಂದು ಹಾಕಿದೆವು. ಹೊಸ ಕಂಪ್ಯೂಟರಿನ ಮಾತು ಮಾಲೀಕರು ಮತ್ತೆ ಎತ್ತಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಪ್ರಯೋಗಕ್ಕೆ ಇಳಿಯುವುದಾದರೆ ಎರಡು ಮಾತು ನೆನಪಿಡಿ. ಮೊದಲು ಕೆಲಸ ಉಳಿಸಿಕೊಳ್ಳಿ. ಎರಡನೆಯದಾಗಿ, ಹೆಸರಿನ ಅರ್ಥ ತಿಳಿಯದವನನ್ನು ಮನೆಗೆ ಕಳಿಸಬೇಡಿ, ಅವನ ಎದುರು ಸೊನ್ನೆಯೇ ಇರಲಿ.

ನಮ್ಮ ಯಂತ್ರದಲ್ಲಿ ಫ್ಲಾಪಿಯ ಡ್ರೈವರು ಈಗಲೂ ಪ್ರತಿದಿನ ತಪ್ಪದೆ ಬಂದು ತನ್ನ ಮೂಲೆಯಲ್ಲಿ ಕೂರುತ್ತದೆ. ಜಾಯ್‌ಸ್ಟಿಕ್ಕಿನದೂ ಅಷ್ಟೆ. ಕೂತಿರಲಿ. ಎಲ್ಲ ಸೇರಿ ಒಂದು ರೂಪಾಯಿ ಮೂವತ್ತು ಪೈಸೆಯ ಬಾಬತ್ತು.